ಕೈಯಲ್ಲೇ ನೋಡಿ

ಪ್ರಾಯಾ ವಿಮಾನ ನಿಲ್ದಾಣದಲ್ಲಿ ನನ್ನದು ನೋಡುವ ಕೆಲಸ.
ಬಟ್ಟೆ, ಬ್ರೆಡ್ಡು, ಬೈಬಲು, ಎಲ್ಲ ಕಿತ್ತಳೆ.
ಕಬ್ಬಿಣ ನೀಲಿ. ಗಾಜು ತಿಳಿಹಸಿರು.
ದಿನಕ್ಕೆ ಸಾವಿರ ಚಿತ್ರ ಕಣ್ಣ ಮುಂದೆ ಹಾಯುತ್ತವೆ,
ಒಂದರಲ್ಲೂ ಮುಖವಿಲ್ಲ.

ಕ್ಯಾಮೆರಾದವರನ್ನು ದೂರದಿಂದಲೇ ಗುರುತು ಹಿಡಿಯುತ್ತೇನೆ:
ಕೋಟು ತೊಟ್ಟಿರುತ್ತಾರೆ.
ನಮ್ಮಲ್ಲಿ ಕೋಟು ತೊಡುವುದು ಮದುವೆಗೆ, ಇಲ್ಲವೇ ಮಣ್ಣಿಗೆ.
ಇವರು ಎಂಟು ಕಿಲೋ ಮಿತಿಗೆ ಹೆದರಿ
ಜೇಬಿಗೊಂದು ಲೆನ್ಸು ತುಂಬಿ
ಗಬ್ಬದ ಮೇಕೆಯ ಹಾಗೆ ಒಂದು ಪಕ್ಕಕ್ಕೆ ವಾಲುತ್ತ ಬರುತ್ತಾರೆ,
ತೂಕದವನ ಮುಂದೆ ಮಾತ್ರ ನೆಟ್ಟಗೆ.

ಜನವರಿ. ಸಹಾರಾದ ಧೂಳು ಕಡಲು ದಾಟಿ ಬಂದು
ಓಡುದಾರಿಯನ್ನೇ ನುಂಗಿತ್ತು.
ಲಿಸ್ಬನ್ ವಿಮಾನ ಮೂರು ಗಂಟೆ ತಡ.
ಇಲ್ಲದಿದ್ದರೆ ನನಗೆಲ್ಲಿಯ ಪುರುಸೊತ್ತು,
ಆ ಮುದುಕನ ಮಾತು ಕೇಳಲು?

ಫೋಗು ದ್ವೀಪದ ನ್ಯೋ ಬೆಲರ್ಮಿನು.
ಮರದ ಕ್ಯಾಮೆರಾ, ಅದರ ತಿದಿಗೆ ಛತ್ರಿಬಟ್ಟೆಯ ತೇಪೆ.
ನಂಬರು ಎಲ್ಲಿ ಎಂದರು ಕಸ್ಟಮ್ಸಿನವರು,
ನಂಬರಿಲ್ಲದಿದ್ದರೆ ವಾಪಸು ಬರುವಾಗ ಸುಂಕ.
ಹೆಬ್ಬೆರಳು ಎತ್ತಿ ತೋರಿಸಿದ:
'ನಲವತ್ತು ವರ್ಷ ಹಿಡಿದದ್ದು ಇಲ್ಲೇ. ಸವೆದುಹೋಯಿತು.'

ಆಮೇಲೆ ಬಿಸ್ಕತ್ತಿನ ಡಬ್ಬ ನನ್ನತ್ತ ನೂಕಿದ.
ಒಳಗೆ ಹದಿಮೂರು ಫಿಲ್ಮ್ ಡಬ್ಬಿ.
'ಇವನ್ನು ಕೈಯಲ್ಲೇ ನೋಡು ಮಗಳೆ.'
ಯಂತ್ರದಿಂದ ಏನೂ ಆಗುವುದಿಲ್ಲ ಎಂದೆ.
ಎಲ್ಲರಿಗೂ ಹೇಳುವ ಮಾತು. ನಿಜವೋ ಸುಳ್ಳೋ,
ಹೇಳಿಕೊಟ್ಟವರೂ ಯಾರನ್ನೂ ಕೇಳಿರಲಿಲ್ಲ.

'ಔಷಧಿ ತರುತ್ತಿದ್ದ ದೋಣಿ ನಿಂತು ಆರು ವರ್ಷ.
ತೊಳೆಯುವವರಿಲ್ಲದೆ ಜನ ಒಳಗೇ ಕೂತಿದ್ದಾರೆ.
ಎರ್ಮೆಲಿಂದಾ, ಕಣ್ಣು ಮುಚ್ಚಿದ್ದಾಳೆ ಅನ್ನಿಸುತ್ತದೆ.
ಕತ್ತೆಯ ಪಕ್ಕ ನಿಂತ ಪಾದ್ರಿ.
ಇದರಲ್ಲಿ ಅವಳಿಮಕ್ಕಳು, ಒಬ್ಬಳು ಈಗಿಲ್ಲ.
ರೋಟರ್‌ಡ್ಯಾಮಿನಲ್ಲಿ ಒಬ್ಬ ಇನ್ನೂ ತೊಳೆಯುತ್ತಾನಂತೆ.
ಆರು ವರ್ಷ ಕತ್ತಲು ಕಾದವರು,
ನಿನ್ನ ಕೈಲಿ ಬೆಳಕು ಬಡಿದು ಸಾಯುವುದು ಬೇಡ.'

ಮೇಲಧಿಕಾರಿ ಓಸ್ವಾಲ್ದಿನು ಕಾಫಿಗೆ ಹೋಗಿದ್ದ.
ಕೈಗವಸು ತೊಟ್ಟೆ.
ಒಂದೊಂದನ್ನೂ ಎತ್ತಿ, ಬಿಳಿ ಚಿಂದಿಯಲ್ಲಿ ಒರೆಸಿ,
ಕಿವಿಯ ಬಳಿ ಅಲ್ಲಾಡಿಸಿದೆ.
ಟಕ್. ಟಕ್.
ಪಾದ್ರಿ ಟಕ್. ಕತ್ತೆಯೂ ಟಕ್.
ಹದಿಮೂರನೆಯದು ಮಾತ್ರ
ಸರಸರ ಅಂದಿತು.

ಮುಚ್ಚಳ ತೆಗೆದೆ. ಕರೀ ಪುಡಿ,
ಮುಷ್ಟಿಗೂ ಕಡಿಮೆ.
ಎಲ್ಲಾ ಡಬ್ಬಿಗೂ ಹೆಸರಿನ ಚೀಟಿ ಇತ್ತು, ಇದಕ್ಕಿಲ್ಲ.
ಇದು ಯಾರು, ಎಂದೆ.
(ಏನು ಎಂದು ಕೇಳಬೇಕಿತ್ತು.)

'ಅದು ಸ್ಟುಡಿಯೋ' ಎಂದ.

ಬೆಟ್ಟ ಉಗುಳಿದ ವರ್ಷ ನಾನಿನ್ನೂ ಶಾಲೆಯಲ್ಲಿದ್ದೆ.
ಟೀವಿಯಲ್ಲಿ ಕೆಂಪು ಗಂಜಿ ನಿಧಾನ ಹರಿದು
ಒಂದು ಮನೆಯ ಬಾಗಿಲು ತಟ್ಟಿದ್ದು ನೆನಪಿದೆ.
ಆಗ ಚಾನೆಲ್ ಬದಲಿಸಿದ್ದೆವು.

ಮಣ್ಣು ಒಯ್ಯಬಾರದು ಎಂಬ ನಿಯಮ
ಗೋಡೆಯ ಮೇಲೆ ಮೂರು ಭಾಷೆಯಲ್ಲಿದೆ.
ಬೂದಿ ಮಣ್ಣು ಹೌದೋ ಅಲ್ಲವೋ
ಯಾವ ಭಾಷೆಯಲ್ಲೂ ಇಲ್ಲ.
ಮುಚ್ಚಳ ತಿರುಗಿಸಿ ಬಿಗಿ ಮಾಡಿ
ವಹಿಯಲ್ಲಿ ಬರೆದೆ: ಫಿಲ್ಮು, ಹದಿಮೂರು.

ಲಿಸ್ಬನ್‌ನಲ್ಲಿ ವಿಮಾನ ಬದಲಿಸಬೇಕು,
ಅಲ್ಲೂ ಒಂದು ಯಂತ್ರ, ಅದರ ಹಿಂದೆ ನನ್ನಂಥ ಒಬ್ಬಳು.
ಹಳೆಯ ಬೋರ್ಡಿಂಗ್ ಚೀಟಿಯ ಬೆನ್ನಿಗೆ
ಅವಳಿಗೆ ಎರಡೇ ಮಾತು ಗೀಚಿ
ಡಬ್ಬದೊಳಗೆ ಇಟ್ಟೆ. ಸಹಿ ಹಾಕಲಿಲ್ಲ.

ಅವನು ಥ್ಯಾಂಕ್ಸ್ ಅನ್ನಲಿಲ್ಲ.
ಬೆಳಕು ಎಷ್ಟಿದೆ ಎಂದು ಅಳೆಯುವವನ ಹಾಗೆ
ಒಂದು ಗಳಿಗೆ ನನ್ನ ಮುಖ ನೋಡಿ,
ಸಾಲದು ಅನ್ನಿಸಿತೋ ಏನೋ,
ಲೆನ್ಸುಗಳ ಭಾರಕ್ಕೆ ಎಡಕ್ಕೆ ವಾಲುತ್ತ ಹೋದ.

ಮುಂದಿನ ಚೀಲ:
ಅವರೆಕಾಳು, ಇಸ್ತ್ರಿಪೆಟ್ಟಿಗೆ.
ಕಿತ್ತಳೆ. ನೀಲಿ.